ಒಂದು ಗಿಡ್ಡ ದನ, 550 ಅಡಿಕೆ ಮರ

ನಮ್ಮ ಹಟ್ಟಿಯಲ್ಲಿ ಈಗ ಇರುವುದು ಒಂದೇ ದನ, ಕಾಸರಗೋಡು ಗಿಡ್ಡ. ದಿನಕ್ಕೆ ನಾಲ್ಕೈದು ಕಿಲೋ ಸೆಗಣಿ, ಅಷ್ಟೇ. ಪೆರ್ಲದ ಹತ್ತಿರ ನಮ್ಮ ತೋಟ ಒಂದು ಎಕರೆ, 550 ಅಡಿಕೆ ಮರ. ಒಂದು ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿಸೊಪ್ಪು, 12 ಕಿಲೋ ಗೊಬ್ಬರ ಕೊಡಬೇಕು ಅನ್ನುತ್ತಾರೆ ಕೃಷಿ ವಿಜ್ಞಾನಿಗಳು. ಅಂದರೆ ಗೊಬ್ಬರವೇ 6,600 ಕಿಲೋ. ಗಿಡ್ಡ ವರ್ಷವಿಡೀ ಹಾಕುವ ಸೆಗಣಿ ಎರಡು ಟನ್ನೂ ಆಗುವುದಿಲ್ಲ.

ಆದರೆ ಸೋಗೆ, ಅಂದರೆ ಅಡಿಕೆಯ ಒಣ ಗರಿ, ಇದೆಯಲ್ವಾ? ಒಂದೊಂದು ಮರ ವರ್ಷಕ್ಕೆ ಐದಾರು ಉದುರಿಸುತ್ತದೆ. ಇಡೀ ತೋಟದ್ದು ಸುಮಾರು 3,000. ಅದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದೆವು, ಮಿಕ್ಕದ್ದನ್ನು ಸುಮ್ನೆ ಸುಡುತ್ತಿದ್ದೆವು. ನೆನೆದರೆ ಈಗ ಹೊಟ್ಟೆ ಉರಿಯುತ್ತದೆ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐಯವರು ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮ ತೋರಿಸಿಕೊಟ್ಟಿದ್ದಾರೆ. ಗರಿ ಹತ್ತು ಪಾಲು, ಸೆಗಣಿ ಒಂದೇ ಪಾಲು. ಇದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಅಡಿಕೆ ಸೋಗೆಗೂ ಇದೇ ದಾರಿ ಹಿಡಿದೆ.

ಮೊದಲ ಸಲ ಅವಸರ ಮಾಡಿದೆ. ಸೋಗೆ ಕೊಚ್ಚಿ, ಸೆಗಣಿ ನೀರು ಚಿಮುಕಿಸಿ, ಮೂರನೇ ದಿನವೇ ಹುಳ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೆಲವು ತೊಟ್ಟಿಯ ಗೋಡೆ ಹತ್ತಿದ್ದವು, ಒಳಗಿದ್ದವು ಸತ್ತಿದ್ದವು. ರಾಶಿಯೊಳಗೆ ಕೈ ಇಡಲಾಗದಷ್ಟು ಬಿಸಿ. ತುಂಬಾ ಬೇಸರವಾಯಿತು. ಹಸಿ ರಾಶಿಯಲ್ಲಿ ಮೊದಲು ಊಟಕ್ಕೆ ಕೂರುವುದು ಎರೆಹುಳವಲ್ಲ, ಬ್ಯಾಕ್ಟೀರಿಯಾ. ಅವು ತಿನ್ನುವಾಗ ರಾಶಿ ಕಾಯುತ್ತದೆ. ಈಗ ಮೂರು ವಾರ ನೀರು ಹಾಕಿ, ಮಗುಚಿ, ಪೂರ್ತಿ ತಣಿದ ಮೇಲಷ್ಟೇ ಹುಳ ಬಿಡುತ್ತೇನೆ.

ಆ ಮೂರು ವಾರದಲ್ಲಿ ಸೋಗೆಯ ಮೇಲೆ ಬಿಳಿ ನೂಲಿನಂಥದ್ದು ಹಬ್ಬಿತು. ಅತ್ತೆ ಹೆದರಿದರು, "ಇದು ಅಣಬೆ ರೋಗ ಅಲ್ಲವಾ ಮಗಾ?" ಅಂತ. ಅವರ ಹೆದರಿಕೆಯಲ್ಲಿ ಅರ್ಥವಿದೆ, ಅಡಿಕೆಯ ಬುಡ, ಬೇರು ಕೊಳೆಸುವ ಆ ರೋಗಕ್ಕೆ ನಮ್ಮ ಎಷ್ಟೋ ಮರ ಹೋಗಿವೆ. ಆದರೆ ಈ ಬಿಳಿ ನೂಲು ಸತ್ತ ಎಲೆ ತಿನ್ನುವ ಶಿಲೀಂಧ್ರ. ಸೋಗೆಯ ಗಟ್ಟಿ ನಾರನ್ನು ಮೆದು ಮಾಡುವ ಕೆಲಸ ಜಾಸ್ತಿ ಇದರದ್ದೇ. ರೋಗ ಬಂದ ಮರದ ಬುಡ, ಬೇರುಗಳನ್ನು ಮಾತ್ರ ನಾನು ತೊಟ್ಟಿಯ ಹತ್ತಿರವೂ ತರುವುದಿಲ್ಲ.

ಗೊಬ್ಬರ ಬುಡಕ್ಕೆ ಹಾಕಿದ ಮೇಲೆ ಸೋಗೆ ಮುಚ್ಚಲೇಬೇಕು. ನಮ್ಮದು ಮುರಕಲ್ಲಿನ ಕೆಂಪು ಮಣ್ಣು, ಜೊತೆಗೆ ಈ ಮಳೆ. ಬರಿದೇ ಬಿಟ್ಟರೆ ಮೇಲ್ಮಣ್ಣು ಕಣಿಯಲ್ಲಿ, ಅಂದರೆ ತೋಟದ ನೀರು ಹೋಗುವ ಚರಂಡಿಯಲ್ಲಿ, ಹರಿದು ಹೋಗುತ್ತದೆ. ಮುಚ್ಚಿದಲ್ಲಿ ಈಗ ಸೋಗೆ ಎತ್ತಿದರೆ ಎರೆಹುಳ ಹಾಕಿದ ಮಣ್ಣಿನ ಸಣ್ಣ ಸಣ್ಣ ಉಂಡೆಗಳು, ಅದರೊಳಗೆ ಅಡಿಕೆಯ ಎಳೆ ಬೇರು. ಅಂಥ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸುವುದು ನನಗೆ ಬಹಳ ಇಷ್ಟ.

ಈ ವರ್ಷ ಎರಡು ತೊಟ್ಟಿಯಿಂದ ಒಂದು ಟನ್ನಿನಷ್ಟು ಸಿಕ್ಕಿತು. ಕಣಿ ಬದಿಯ 90 ಮರಗಳಿಗೆ ಸಾಕಾಯಿತು. ಉಳಿದವಕ್ಕೆ ಸದ್ಯ ಸೋಗೆಯ ಹೊದಿಕೆ, ಬೇಲಿಯ ಗ್ಲಿರಿಸೀಡಿಯಾ ಸೊಪ್ಪು. ಮೂರನೇ ತೊಟ್ಟಿಗೆ ಕಲ್ಲು ತರಿಸಿ ಅಂಗಳದಲ್ಲಿ ಇಟ್ಟಿದ್ದೇನೆ.