ಯಾವ ವಿಂಗ್ ಅಂತ ಮಾತ್ರ ಹೇಳಿ

ನಾನು ಸೆಕ್ರೆಟರಿಯಾಗಿರುವುದು ಮುಂಬೈಯ ಯಾವ ಏರಿಯಾದ ಯಾವ ಹೌಸಿಂಗ್ ಸೊಸೈಟಿಗೆ ಅಂತ ಬರೆಯುವುದಿಲ್ಲ. ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ. ಏನಾಯಿತು ಅನ್ನುವುದನ್ನೂ ಬರೆಯುವುದಿಲ್ಲ, ಅದು ನಾನು ಹೇಳುವ ವಿಷಯವಲ್ಲ. ಬರೆಯುವುದು ಮಂಗಳವಾರ ಬೆಳಗ್ಗೆ ಲಿಫ್ಟಿನ ಬಾಗಿಲು ಹಿಡಿದು ನಿಂತವರ ಬಗ್ಗೆ.

"ಹೆಸರು ಬೇಡ ಮಾರಾಯ್ರೇ. ಯಾವ ವಿಂಗ್ ಅಂತ ಮಾತ್ರ ಹೇಳಿ."

ಉಡುಪಿ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ಸೊಸೈಟಿಯಲ್ಲಿ ಕನ್ನಡದವರು ಬೆರಳೆಣಿಕೆ, ಹಾಗಾಗಿ ನಮ್ಮೊಳಗೆ ಸಲಿಗೆ ಜಾಸ್ತಿ. ಅಮ್ಮನಿಗೆ ಹುಷಾರಿಲ್ಲದಾಗ ನಡುರಾತ್ರಿ ಕಾರು ತೆಗೆದವರು ಇವರೇ. ಒಳ್ಳೆಯವರು. ಆದರೆ ತನಗೆ ಗೊತ್ತಿಲ್ಲದ ಸುದ್ದಿಯೊಂದು ಬಿಲ್ಡಿಂಗಿನಲ್ಲಿದೆ ಅಂದರೆ ಅವರಿಗೆ ಊಟ ಸೇರುವುದಿಲ್ಲ.

ಹಿಂದಿನ ವಾರ ಒಂದು ಮನೆಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಬಂದಿದ್ದರು, ಸಾದಾ ಚೂಡಿದಾರದಲ್ಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಇರುವುದೇ ಹಾಗೆ. ಮಗುವಿನ ಹೇಳಿಕೆ ಬರೆದುಕೊಳ್ಳುವಾಗ ಯೂನಿಫಾರ್ಮ್ ಇರಬಾರದು, ಮಗುವಿನ ಮನೆಗೋ ಅದಕ್ಕೆ ಇಷ್ಟವಾದ ಜಾಗಕ್ಕೋ ಪೊಲೀಸರೇ ಹೋಗಬೇಕು. 2012ರಲ್ಲಿ ಕಾಯ್ದೆ ಮಾಡಿದವರು ಇಷ್ಟೆಲ್ಲ ಯೋಚಿಸಿದ್ದರು. ನಮ್ಮ ಗೇಟ್ ರಿಜಿಸ್ಟರ್ ಮಾತ್ರ ಅವರ ತಲೆಗೆ ಹೊಳೆದಿರಲಿಕ್ಕಿಲ್ಲ. ಹೆಸರು, ಫ್ಲ್ಯಾಟ್ ನಂಬರ್, ಮೊಬೈಲ್, ಬಂದ ಕಾರಣ. ವಾಚ್‌ಮನ್ ಐಡಿ ಕಾರ್ಡ್ ಕೇಳಿ ನೋಡಿ, ಕೊನೆಯ ಕಾಲಮಿನಲ್ಲಿ ಹಿಂದಿಯಲ್ಲಿ ದುಂಡಗೆ 'ಪೊಲೀಸ್' ಅಂತ ಬರೆದಿದ್ದ. ಅವನದೇನೂ ತಪ್ಪಿಲ್ಲ. ಹಾಗೆ ಮಾಡು ಅಂತ ಕಲಿಸಿದ್ದು ನಾವೇ.

ಹೆಸರು ಬೇಡ, ವಿಂಗ್ ಮಾತ್ರ! ವಿಂಗ್ ಗೊತ್ತಾದರೆ ಮಹಡಿ, ಮಹಡಿ ಗೊತ್ತಾದರೆ ಮನೆ. ಸಂಜೆ ಕೆಳಗೆ ಆಡುವ ಮಕ್ಕಳಲ್ಲಿ ಯಾವುದು ಅಂತ ಬೆರಳು ತೋರಿಸಲು ಆಮೇಲೆ ಎಷ್ಟು ಹೊತ್ತು? ಕಾಯ್ದೆಯ 23ನೇ ಕಲಂ ಮಾಧ್ಯಮದವರಿಗೆ ಹೆಸರು, ಫೋಟೋ ಅಷ್ಟೇ ಅಲ್ಲ, ಶಾಲೆ, ನೆರೆಹೊರೆಯನ್ನೂ ಹೇಳಬೇಡಿ ಅನ್ನುವುದು ಇದಕ್ಕೇ.

"ಎಫ್‌ಐಆರ್ ಪಬ್ಲಿಕ್ ಡಾಕ್ಯುಮೆಂಟ್ ಅಲ್ವಾ? ಪೊಲೀಸರ ವೆಬ್‌ಸೈಟಿನಲ್ಲಿ ಹುಡುಕಿದೆ, ಸಿಗಲಿಲ್ಲ" ಅಂದರು. ಸಿಗುವುದಿಲ್ಲ. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಿ ಅಂತ 2016ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ ಲೈಂಗಿಕ ಅಪರಾಧದ ಕೇಸುಗಳನ್ನು ಅದರಿಂದ ಹೊರಗಿಟ್ಟಿತು. ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ, ವಿಶೇಷ ಕೋರ್ಟು, ಪರೀಕ್ಷೆ ಮಾಡಿದ ಡಾಕ್ಟರು, ಅಪ್ಪ ಅಮ್ಮ. ತಿಳಿಯಬೇಕಾದವರ ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಸೊಸೈಟಿಯ ಸೆಕ್ರೆಟರಿ ಅದರಲ್ಲಿಲ್ಲ. ಆ ರಿಜಿಸ್ಟರ್ ದೆಸೆಯಿಂದ ನನಗೆ ಗೊತ್ತಾಯಿತು, ಅಷ್ಟೇ.

"ನಮ್ಮ ಮಕ್ಕಳ ಸೇಫ್ಟಿಗೆ ಕೇಳ್ತಾ ಇದ್ದೇನೆ" ಅಂತಲೂ ಅಂದರು. ಮಾಡಿದವನು ಯಾರು ಅಂತ ಕೇಳಿದ್ದರೆ ಈ ಮಾತು ನಂಬುತ್ತಿದ್ದೆ. ಕೇಳಿದ್ದು ಮಗು ಯಾವುದು ಅಂತ.

ಹಿಂದೊಮ್ಮೆ ಒಂದು ಮನೆಯಲ್ಲಿ ಕೆಲಸಕ್ಕಿದ್ದ ಪುಟ್ಟ ಹುಡುಗಿಯ ಕೈಮೇಲೆ ಬರೆ ಕಂಡು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡೋಣ ಅಂತ ಯಾರೋ ಹೇಳಿದ್ದರು. ಆಗ ಇದೇ ಮನುಷ್ಯ, "ಪೊಲೀಸ್ ಗಿಲೀಸ್ ಬೇಡ, ಫ್ಲ್ಯಾಟಿನ ರೇಟು ಬೀಳ್ತದೆ" ಅಂದಿದ್ದರು. ಇವರೊಬ್ಬರೇ ಅಲ್ಲ, ಕಮಿಟಿಯಲ್ಲಿ ಅರ್ಧ ಜನ ತಲೆಯಾಡಿಸಿದ್ದರು. ಪೊಲೀಸರಿಗೆ ಗೊತ್ತಾಗಬಾರದು, ನಮಗೆ ನಮಗೆ ಗೊತ್ತಾಗಬೇಕು! ಕಾನೂನು ನೋಡಿದರೆ ಸರಿಯಾಗಿ ತಿರುವುಮುರುವು. ಪೋಕ್ಸೋದಲ್ಲಿ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಅವರಿಗೆ ಹೇಳು, ಪಕ್ಕದ ಮನೆಗೆ ಹೇಳಬೇಡ.

ಇದನ್ನೇ ಮರಾಠಿಯಲ್ಲಿ ಕೇಳಿದ್ದರೆ ಖಡಕ್ಕಾಗಿ ಇಲ್ಲ ಅನ್ನುತ್ತಿದ್ದೆ. ಈ ಊರಲ್ಲಿ ಯಾರಾದರೂ "ಮಾರಾಯ್ರೇ" ಅಂದರೆ ಅರ್ಧ ಕರಗಿಹೋಗುತ್ತೇನೆ. ಮಂಗಳವಾರ ಸುಮ್ನೆ ಫೋನ್ ಬಂದವನ ಹಾಗೆ ಮಾಡಿ ಮೆಟ್ಟಿಲಿಳಿದೆ.

ನಿನ್ನೆ ಲಿಖಿತ ಅರ್ಜಿಯೇ ಬಂತು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ 1960, 32ನೇ ಕಲಂ ಪ್ರಕಾರ ಗೇಟ್ ರಿಜಿಸ್ಟರ್ ನೋಡಲು ಅವಕಾಶ ಕೊಡಬೇಕಂತೆ. ಬ್ಯಾಂಕಿನವರ ನೀಟಾದ ಅಕ್ಷರ. ಆ ಕಲಮಿನಲ್ಲಿ ಬೈಲಾ, ಬ್ಯಾಲೆನ್ಸ್ ಶೀಟ್, ಸದಸ್ಯರ ರಿಜಿಸ್ಟರ್, ಮೀಟಿಂಗಿನ ಮಿನಿಟ್ಸ್, ಸದಸ್ಯನ ಸ್ವಂತ ಲೆಕ್ಕಪತ್ರ ಇವೆ. ಗೇಟ್ ರಿಜಿಸ್ಟರ್ ಇಲ್ಲ. ಹಾಗಂತ ಉತ್ತರ ಬರೆದು, ಹಳೇ ರಿಜಿಸ್ಟರನ್ನು ಆಫೀಸಿನ ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಹೊಸದರಲ್ಲಿ 'ಬಂದ ಕಾರಣ' ಅನ್ನುವ ಕಾಲಮೇ ಬೇಡ ಅಂತ ಭಾನುವಾರದ ಮೀಟಿಂಗಿನಲ್ಲಿ ಇಡುತ್ತೇನೆ. ಮೊದಲು ಎದ್ದು ನಿಂತು ವಿರೋಧಿಸುವವರು ಯಾರು ಅಂತ ಗೊತ್ತಿದೆ.