ತಟ್ಟುಫಲಕದ ಟ್ರೈಬೋ ಜನರೇಟರ್: ಬ್ರಿಜ್ ಹೋಗಿ ಎರಡೇ ಡಯೋಡ್

ಎರಡು ಮೈಗಳು ತಾಗಿ ಬೇರ್ಪಟ್ಟಾಗ ಹುಟ್ಟುವ ಚಾರ್ಜನ್ನು ವಿದ್ಯುತ್ತಾಗಿ ಹಿಡಿಯುವ ಸಾಧನವೇ ಟ್ರೈಬೋ ಜನರೇಟರ್. ಸದ್ಯದ ಸ್ಥಿತಿ: ಫಲಕ ಸಿದ್ಧ, ರೆಕ್ಟಿಫೈಯರ್ (ಅತ್ತಿತ್ತ ಹರಿಯುವ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಭಾಗ) ಬದಲಾಗಿದೆ, ವೋಲ್ಟೇಜ್ ಇಳಿಸುವ ಭಾಗ ಬಾಕಿ.

ಫಲಕ
3 ಮಿಮೀ ಅಕ್ರಿಲಿಕ್‌ನ 12×12 ಸೆಂಮೀ ತುಂಡು ಎರಡು. ಕೆಳಗಿನದಕ್ಕೆ 10×10 ಸೆಂಮೀ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಗುಳ್ಳೆ ಉಳಿಯದಂತೆ 50 ಮೈಕ್ರಾನ್ ಕ್ಯಾಪ್ಟಾನ್ (ಪಾಲಿಇಮೈಡ್ ಪ್ಲಾಸ್ಟಿಕ್) ಹಾಳೆ. ಹಾಳೆ ಫಾಯಿಲ್‌ಗಿಂತ ಸುತ್ತಲೂ 5 ಮಿಮೀ ಹೊರಚಾಚಿರಲಿ, ಇಲ್ಲವಾದರೆ ಅಂಚಿನಲ್ಲಿ ಕಿಡಿ ಹಾರಿ ಚಾರ್ಜ್ ಅಲ್ಲೇ ಮುಗಿಯುತ್ತದೆ. ಮೇಲಿನ ತುಂಡಿಗೆ ಮೊದಲು 2 ಮಿಮೀ ಸ್ಪಂಜು, ಆಮೇಲೆ ಅದೇ ಅಳತೆಯ ಫಾಯಿಲ್. ಸ್ಪಂಜು ಬೇಕೇ ಬೇಕು: ಗಟ್ಟಿ ಮೈಗೆ ಗಟ್ಟಿ ಮೈ ಒತ್ತಿದರೆ ನಿಜವಾಗಿ ತಾಗುವುದು ಕೆಲವು ಉಬ್ಬುಗಳಷ್ಟೇ. ನಾಲ್ಕು ಮೂಲೆಗೆ ಸ್ಪ್ರಿಂಗ್, ಅಂತರ 2 ಮಿಮೀ. ಅಲ್ಯೂಮಿನಿಯಂಗೆ ಬೆಸುಗೆ ಸುಲಭಕ್ಕೆ ಹಿಡಿಯದು. ವಾಹಕ ಅಂಟಿರುವ ತಾಮ್ರದ ಟೇಪು ಹಚ್ಚಿ ತಂತಿ ಹೊರತನ್ನಿ.

ಹಾಳೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ. ಬೆರಳಿನ ಎಣ್ಣೆ, ತೇವದ ಗಾಳಿ ಎರಡೂ ಚಾರ್ಜ್ ಸೋರಲು ದಾರಿ ಮಾಡಿಕೊಡುತ್ತವೆ.

ಬ್ರಿಜ್ ಏಕೆ ಬೇಡ
ಮೇಲ್ಮೈ ಚಾರ್ಜ್ ಚದರ ಮೀಟರ್‌ಗೆ 20 ಮೈಕ್ರೊಕೂಲಂಬ್ ಎಂದು ಹಿಡಿದರೆ, ಈ ಅಳತೆಯ ಫಲಕ ಒಂದು ಒತ್ತಿಗೆ 0.2 ಮೈಕ್ರೊಕೂಲಂಬ್ ಅತ್ತ ಸರಿಸಿ, ಅಷ್ಟನ್ನೇ ಇತ್ತ ತರುತ್ತದೆ. ಬ್ರಿಜ್, ಅಂದರೆ ನಾಲ್ಕು ಡಯೋಡ್‌ನ ರೆಕ್ಟಿಫೈಯರ್, ಎರಡು ಅರ್ಧವನ್ನೂ ಹಿಡಿಯುವುದರಿಂದ ಲಾಭದಂತೆ ಕಾಣುತ್ತದೆ. ಆದರೆ ಮುಚ್ಚಿದ ಫಲಕವೇ ಸುಮಾರು 6 ನ್ಯಾನೊಫ್ಯಾರಡ್‌ನ ಕೆಪಾಸಿಟರ್. ಪ್ರತಿ ಸಲವೂ ಅದನ್ನು ಸಂಗ್ರಹದ (ಚಾರ್ಜ್ ಕೂಡಿಡುವ ಕೆಪಾಸಿಟರ್‌ನ) ವೋಲ್ಟೇಜ್‌ಗೆ ತುಂಬಿಸುವುದರಲ್ಲೇ ಚಾರ್ಜ್ ಖರ್ಚಾಗುತ್ತದೆ. 0.2 ಮೈಕ್ರೊಕೂಲಂಬನ್ನು 6 ನ್ಯಾನೊಫ್ಯಾರಡ್‌ನಿಂದ ಭಾಗಿಸಿ: 33 ವೋಲ್ಟ್. ಬ್ರಿಜ್‌ನ ಮೇಲ್ಮಿತಿ ಅದೇ. ತಾಗುವಿಕೆ ಅಪೂರ್ಣವಾದಷ್ಟೂ ಮಿತಿ ತುಸು ಮೇಲೇರಬಹುದು, ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಎರಡು ಡಯೋಡ್‌ನ ಜೋಡಣೆಯಲ್ಲಿ ಒಂದು ಫಲಕಕ್ಕೆ ಸಮಾಂತರ, ಇನ್ನೊಂದು ಸಂಗ್ರಹದತ್ತ. ಮುಚ್ಚಿದಾಗ ಫಲಕ ಸೊನ್ನೆಗೆ ಇಳಿಯುತ್ತದೆ, ತೆರೆದಾಗ ಚಾರ್ಜ್ ಮೇಲೇರಿ ಸಂಗ್ರಹಕ್ಕೆ ಹೋಗುತ್ತದೆ. ತೆರೆದ ಫಲಕದ ಕೆಪಾಸಿಟನ್ಸ್ ಬರೀ 44 ಪಿಕೊಫ್ಯಾರಡ್; 80 ವೋಲ್ಟ್‌ನಲ್ಲೂ ಅದರಿಂದಾಗುವ ನಷ್ಟ ಲೆಕ್ಕಕ್ಕಿಲ್ಲ. ಒತ್ತಿಗೆ ಸಿಗುವ ಚಾರ್ಜ್ ಅರ್ಧವಾಯಿತು ನಿಜ, ಏರಬಲ್ಲ ವೋಲ್ಟೇಜ್ ಎಷ್ಟೋ ಪಟ್ಟು ಹೆಚ್ಚಿತು. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುವಾಗ ಈ ವ್ಯಾಪಾರದಲ್ಲಿ ಚೌಕಾಸಿ ಬೇಡ.

ವೋಲ್ಟೇಜ್ 30ರ ಆಸುಪಾಸಿನಲ್ಲಿ ನಿಂತುಬಿಟ್ಟರೆ ಫಲಕದ ಎರಡು ತಂತಿಗಳನ್ನು ಅದಲುಬದಲು ಮಾಡಿ. ಡಯೋಡ್ ತಪ್ಪು ಹೊತ್ತಿನಲ್ಲಿ, ಅಂದರೆ ಫಲಕ ತೆರೆದಿರುವಾಗ, ಸೊನ್ನೆಗೆ ಕಟ್ಟುತ್ತಿರುತ್ತದೆ.

ಸೋರಿಕೆ
ಸೆಕೆಂಡಿಗೆ ಎರಡು ಒತ್ತು ಎಂದರೆ ಸರಾಸರಿ 0.4 ಮೈಕ್ರೊಆಂಪ್. ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ದತ್ತಾಂಶದಲ್ಲಿ 3 ಮೈಕ್ರೊಆಂಪ್ ಸೋರಿಕೆಗೂ ಅವಕಾಶವಿರುತ್ತದೆ! ಹಾಗಾಗಿ ಸಂಗ್ರಹಕ್ಕೆ 0.22 ಮೈಕ್ರೊಫ್ಯಾರಡ್, 250 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್. ಡಯೋಡ್ 1ಎನ್4007 ಸಾಕು. ಡಯೋಡ್‌ನಲ್ಲಿ ಕಳೆಯುವ ವೋಲ್ಟೇಜಿನಲ್ಲಿ 0.3 ವೋಲ್ಟ್ ಉಳಿಸಲು ಶಾಟ್ಕಿ ಡಯೋಡ್ ಹಾಕುವವರಿದ್ದಾರೆ; ಅದು ಉಳಿಸುವುದಕ್ಕಿಂತ ಸೋರುವುದೇ ಹೆಚ್ಚು.

ಮಲ್ಟಿಮೀಟರ್‌ನ 10 ಮೆಗಾಓಮ್ ಒಳರೋಧ ಕೂಡ ಸೋರಿಕೆಯೇ. ಅದನ್ನು ಜೋಡಿಸಿಟ್ಟು ತಟ್ಟುತ್ತಿದ್ದರೆ 4 ವೋಲ್ಟ್ ದಾಟುವುದಿಲ್ಲ. ಅದರ ಬದಲು ಕೆಪಾಸಿಟರ್‌ಗೆ ಅಡ್ಡಲಾಗಿ ಸಣ್ಣ ನಿಯಾನ್ ದೀಪ ಹಾಕಿ. ಹೊತ್ತುವವರೆಗೆ ಅದು ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. 80 ವೋಲ್ಟ್‌ಗೆ ಹೊತ್ತುವ ದೀಪವಾದರೆ ಲೆಕ್ಕದ ಪ್ರಕಾರ ಮೊದಲ ಮಿನುಗು 88 ಒತ್ತುಗಳಿಗೆ. ದೀಪ 50–60 ವೋಲ್ಟ್‌ನಲ್ಲೇ ಆರುವುದರಿಂದ ಮುಂದಿನವು ಬೇಗ ಬರುತ್ತವೆ. ಬೆರಳಿನಿಂದ ಒತ್ತಬೇಡಿ, ಮೈಯ ಚಾರ್ಜ್ ಸೇರಿಕೊಂಡು ಎಣಿಕೆ ಕೆಡುತ್ತದೆ. ಒಣ ಮರದ ಹಿಡಿ ಬಳಸಿ.

ಮುಂದಿನ ಕೆಲಸ
80 ವೋಲ್ಟ್‌ನಲ್ಲಿ ಇರುವುದು 0.7 ಮಿಲಿಜೂಲ್. ವೋಲ್ಟೇಜ್ ಇಳಿಸಲು ಇದನ್ನು ನೇರ 100 ಮೈಕ್ರೊಫ್ಯಾರಡ್‌ನ ಕೆಪಾಸಿಟರ್‌ಗೆ ಸುರಿದರೆ 0.18 ವೋಲ್ಟ್ ಮಾತ್ರ ಸಿಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಡುವೆ 10 ಮಿಲಿಹೆನ್ರಿ ಇಂಡಕ್ಟರ್, ಅದಕ್ಕೊಂದು ಫ್ರೀವೀಲ್ ಡಯೋಡ್ (ಇಂಡಕ್ಟರ್‌ನ ಕರೆಂಟ್ ಮುಂದುವರಿಯಲು ದಾರಿ) ಇದ್ದರೆ ಆದರ್ಶ ಲೆಕ್ಕದಲ್ಲಿ 3.7 ವೋಲ್ಟ್. ಇಂಡಕ್ಟರ್‌ನ ತುದಿ ಕರೆಂಟ್ 0.38 ಆಂಪ್‌ವರೆಗೆ ಹೋಗುತ್ತದೆ, ಅಷ್ಟರಲ್ಲಿ ಅದರ ಕೋರ್ ಸ್ಯಾಚುರೇಟ್ ಆಗಬಾರದು, ಅಂದರೆ ಕಾಂತತೆಯ ಮಿತಿ ಮುಟ್ಟಬಾರದು. ಸ್ವಿಚ್ಚಿಗೆ ಸೂಕ್ಷ್ಮ ಗೇಟಿನ ಎಸ್‌ಸಿಆರ್ (ಗೇಟಿಗೆ ಪಲ್ಸ್ ಸಿಕ್ಕಾಗ ತೆರೆದುಕೊಂಡು ಕರೆಂಟ್ ಬಿಡುವ ಅರೆವಾಹಕ). ಗೇಟಿಗೆ ಪಲ್ಸ್ ಕೊಡುವ ಕೆಲಸ ಅದೇ ನಿಯಾನ್ ದೀಪದ್ದು.