ಇಪ್ಪತ್ನಾಲ್ಕು ಮ್ಯಾಚ್ ಆಡಿದ ಮಯಾಮಿ

2024ರ ನವೆಂಬರ್ 30, ಶನಿವಾರ. ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ಸಿನಲ್ಲಿ ಕೊರೆಯುವ ಚಳಿ. ಹುಬ್ಬಳ್ಳಿಯ ಗೆಳೆಯನೊಬ್ಬನ ಮನೆಯ ಬೇಸ್‌ಮೆಂಟಿನಲ್ಲಿ ಹತ್ತು ಹನ್ನೆರಡು ಜನ ಟಿವಿ ಮುಂದೆ ಕೂತಿದ್ದೆವು. ಅವನ ಹೆಂಡತಿ ಗಿರ್ಮಿಟ್ ಕಲಸಿ ತಂದಿಟ್ಟಿದ್ದರು, ಮಿರ್ಚಿ ಬಿಸಿಬಿಸಿಯಾಗಿ ಮೇಲಿಂದ ಇಳಿದು ಬರುತ್ತಿತ್ತು. ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್. ಅದರಲ್ಲಿ ನಾನೇ ಕೂತು ಮಾಡಿದ ಒಂದು ಎಕ್ಸೆಲ್ ಶೀಟ್. ಆವತ್ತು ನನ್ನ ಮಾನ ಹೋಗಿದ್ದು ಅದರಿಂದಲೇ.

ನಾನು ಮೈಸೂರಿನವನು, ಕ್ರಿಕೆಟ್ ನೋಡಿ ಬೆಳೆದವನು. ಈ ಊರಿಗೆ ಬಂದ ಮೇಲೆ ಶನಿವಾರ ಅಂದರೆ ಕಾಲೇಜ್ ಫುಟ್‌ಬಾಲ್, ಅದೂ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಲಿ ಹಿಡಿದು ಓಡುವ ಅಮೆರಿಕದ ಆಟ, ಅಂತ ಅರ್ಥವಾಗೋಕೆ ಎರಡು ವರ್ಷ ಬೇಕಾಯಿತು. ಕಾಲೇಜು ಹುಡುಗರ ಆಟ ನೋಡೋಕೆ ಲಕ್ಷ ಜನ ಬರುತ್ತಾರೆ ಅಂದರೆ ನಮ್ಮಪ್ಪ ಇವತ್ತಿಗೂ ನಂಬಲ್ಲ. ನಮ್ಮೂರಿನ ವಿಶ್ವವಿದ್ಯಾಲಯ ಓಹಾಯೋ ಸ್ಟೇಟ್‌ನ ಸ್ಟೇಡಿಯಂ 1922ರದ್ದು, ಲಕ್ಷಕ್ಕೂ ಜಾಸ್ತಿ ಸೀಟು, ಅದೂ ಭರ್ತಿ. ಇನ್ನು ಪಕ್ಕದ ರಾಜ್ಯದ ಬದ್ಧವೈರಿ ಮಿಷಿಗನ್ ಜೊತೆ ಮ್ಯಾಚ್ ಇರುವ ವಾರವಂತೂ ಹಬ್ಬವೋ ಯುದ್ಧವೋ ಗೊತ್ತಾಗಲ್ಲ. ಕ್ಯಾಂಪಸ್ಸಿನಲ್ಲಿ ಎಲ್ಲೆಲ್ಲಿ ಎಂ ಅಕ್ಷರ ಇದೆಯೋ ಅಲ್ಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಡ್ಡ ಗೀಟು ಹಾಕುತ್ತಾರೆ. ನಮ್ಮ ಪಕ್ಕದ ಮನೆಯ ತಾತ ತಮ್ಮ ಅಂಚೆ ಡಬ್ಬಿಯನ್ನೂ ಬಿಟ್ಟಿರಲಿಲ್ಲ. ಅದರ ಮೇಲೆ ಯು.ಎಸ್. ಮೇಲ್ ಅಂತ ಅಚ್ಚಾಗಿರುತ್ತಲ್ಲ, ಅದರ ಎಂ ಮೇಲೆ ಟೇಪು. ಪೋಸ್ಟ್‌ಮನ್ ನಕ್ಕು ಕಾಗದ ಹಾಕಿ ಹೋಗುತ್ತಿದ್ದ.

ಶೀಟ್ ಯಾಕೆ ಬೇಕಾಯಿತು ಅಂದರೆ, ಈ ಆಟದಲ್ಲಿ ಯಾರು ಮೊದಲು ಯಾರು ಎರಡನೆಯವರು ಅಂತ ಹೇಳೋದೇ ಕಷ್ಟ. ಐಪಿಎಲ್‌ನಲ್ಲಿ ಹತ್ತು ತಂಡ, ತಲಾ 14 ಮ್ಯಾಚು, ಎಲ್ಲರೂ ಎಲ್ಲರ ಜೊತೆ ಒಂದು ಸಲವಾದರೂ ಆಡುತ್ತಾರೆ. ಇಲ್ಲಿ ದೊಡ್ಡ ದರ್ಜೆಯಲ್ಲೇ ಆ ವರ್ಷ 134 ತಂಡ, ತಲಾ 12 ಮ್ಯಾಚು. ಬಹಳಷ್ಟು ತಂಡಗಳು ಒಬ್ಬರ ಮುಖ ಒಬ್ಬರು ನೋಡದೆಯೇ ವರ್ಷ ಮುಗಿದುಹೋಗುತ್ತೆ. ಹಾಗಾಗಿ 1936ರಿಂದ ಎಪಿ ಸುದ್ದಿಸಂಸ್ಥೆ ಪತ್ರಕರ್ತರ ಓಟು ತೆಗೆದುಕೊಂಡು ಪಟ್ಟಿ ಮಾಡುತ್ತಿದೆ. 1998ರಿಂದ 2013ರ ತನಕ ಬಿಸಿಎಸ್ ಅಂತ ಒಂದಿತ್ತು, ಅದರಲ್ಲಿ ಓಟಿನ ಜೊತೆ ಕಂಪ್ಯೂಟರ್ ರೇಟಿಂಗ್‌ಗಳನ್ನೂ ಬೆರೆಸುತ್ತಿದ್ದರು. 2003ರಲ್ಲಿ ಪತ್ರಕರ್ತರದ್ದು, ಕೋಚ್‌ಗಳದ್ದು ಎರಡೂ ಓಟಿನಲ್ಲಿ ಮೊದಲಿದ್ದ ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಎಲ್ಲ ಬೆರೆಸಿದ ಲೆಕ್ಕದಲ್ಲಿ ಮೂರನೆಯದಾಗಿ ಫೈನಲ್ಲಿಂದಲೇ ಹೊರಗೆ ಬಿತ್ತು. ಆ ಜಗಳ ಈಗಲೂ ಆರಿಲ್ಲ. 2014ರಿಂದ 13 ಜನರ ಸಮಿತಿ. ಪ್ಲೇಆಫ್‌ಗೆ ಮೊದಲು ನಾಲ್ಕು ತಂಡ ಆರಿಸುತ್ತಿದ್ದರು, 2024ರಿಂದ ಹನ್ನೆರಡು. ಹದಿಮೂರು ಜನ ರೂಮಿನಲ್ಲಿ ಕೂತು ಆರಿಸೋದಾದರೆ ನಾನೊಬ್ಬ ಬೇಸ್‌ಮೆಂಟಿನಲ್ಲಿ ಕೂತು ಆರಿಸಬಾರದಾ ಅಂತ ಶುರು ಮಾಡಿದೆ.

ನನ್ನ ಲೆಕ್ಕ ದೊಡ್ಡ ವಿದ್ಯೆಯೇನಲ್ಲ. ಒಂದು ತಂಡ ಸರಾಸರಿ ಎಷ್ಟು ಪಾಯಿಂಟಿನಿಂದ ಗೆದ್ದಿದೆ ಅನ್ನೋದು ಒಂದು, ಅದರ ಎದುರಾಳಿಗಳ ರೇಟಿಂಗಿನ ಸರಾಸರಿ ಇನ್ನೊಂದು, ಎರಡನ್ನೂ ಕೂಡಿಸಿದರೆ ಆ ತಂಡದ ರೇಟಿಂಗ್. ಆದರೆ ಎದುರಾಳಿಯ ರೇಟಿಂಗ್ ಅವರ ಎದುರಾಳಿಗಳಿಂದ ಬರಬೇಕು, ಅವರದ್ದು ಇನ್ನೊಬ್ಬರಿಂದ. ಹಾಗಾಗಿ ಒಂದೇ ಲೆಕ್ಕವನ್ನು ಐವತ್ತು ಸಲ ಸುತ್ತಿಸುತ್ತೇನೆ. ಬಟನ್ ಒತ್ತಿದ ತಕ್ಷಣ ಕಾಲಂನಲ್ಲಿ ಸಂಖ್ಯೆಗಳೆಲ್ಲ ಪಟಪಟ ಅಲುಗಾಡಿ, ನಿಧಾನವಾಗಿ, ಒಲೆ ಆರಿಸಿದ ಮೇಲೆ ಹಾಲಿನ ನೊರೆ ಇಳಿಯುತ್ತಲ್ಲ ಹಾಗೆ, ಒಂದು ಕಡೆ ನಿಲ್ಲುತ್ತವೆ. ಅದನ್ನು ನೋಡೋದೇ ನನಗೊಂದು ಖುಷಿ, ಹೆಂಡತಿಗೆ ಒಂದು ತಲೆನೋವು.

ಎಷ್ಟು ಅಂತರದಿಂದ ಗೆದ್ದರು ಅನ್ನೋದು ಯಾಕೆ ಮುಖ್ಯ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಮೇ 18ರ ರಾತ್ರಿ, ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ಮೇಲೆ ಬರೀ ಗೆದ್ದರೆ ಸಾಲದು, 18 ರನ್ನಿನಿಂದಾದರೂ ಗೆಲ್ಲಬೇಕು ಅಂತ ಎಲ್ಲರೂ ಉಗುರು ಕಚ್ಚಿಕೊಂಡು ಕೂತಿದ್ದೆವು. 27ರಿಂದ ಗೆದ್ದರು. ಆದರೆ ಇಲ್ಲಿ ಒಂದು ತೊಂದರೆ ಇದೆ. ದೊಡ್ಡ ತಂಡಗಳು ವರ್ಷದ ಶುರುವಿನಲ್ಲಿ ಬಡಪಾಯಿಗಳನ್ನು ಕರೆಸಿ ಚಚ್ಚುತ್ತವೆ. ಓಹಾಯೋ ಸ್ಟೇಟ್ ಮೊದಲ ಮ್ಯಾಚಿನಲ್ಲಿ ಆಕ್ರನ್ ಮೇಲೆ 52-6, ಆಮೇಲೆ ವೆಸ್ಟರ್ನ್ ಮಿಷಿಗನ್ ಮೇಲೆ 56-0. ಇದನ್ನೆಲ್ಲ ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡರೆ ನ್ಯಾಯವಲ್ಲ ಅಂತ, 24ಕ್ಕಿಂತ ಜಾಸ್ತಿ ಅಂತರಕ್ಕೆ ಕತ್ತರಿ ಹಾಕಿದ್ದೆ. ಯಾಕೆ 24, ಯಾಕೆ 20 ಅಲ್ಲ? ಸುಮ್ನೆ. ನನಗೆ ಸರಿ ಅನ್ನಿಸಿತು, ಅಷ್ಟೆ. ಸ್ವಂತ ಊರಿನಲ್ಲಿ ಆಡುವವರಿಗೆ ಎರಡೂವರೆ ಪಾಯಿಂಟಿನ ಅನುಕೂಲ ಅಂತ ಕಳೆಯುತ್ತಿದ್ದೆ. ಈ ಎರಡೂವರೆಯದ್ದು ಒಂದು ಕಥೆ ಇದೆ, ಮುಂದೆ ಹೇಳುತ್ತೇನೆ.

ಮಧ್ಯಾಹ್ನ ಹನ್ನೆರಡಕ್ಕೆ ಮ್ಯಾಚ್ ಶುರುವಾಯಿತು. ಓಹಾಯೋ ಸ್ಟೇಟ್ ಅಲ್ಲಿಯ ತನಕ ಒಂದೇ ಸೋತಿತ್ತು, ಆರೆಗನ್ ಊರಿಗೆ ಹೋಗಿ 32-31, ಒಂದೇ ಒಂದು ಪಾಯಿಂಟಿನಲ್ಲಿ. ಮಿಷಿಗನ್ ಆರು ಗೆದ್ದು ಐದು ಸೋತು ಏದುಸಿರು ಬಿಡುತ್ತಿದ್ದ ತಂಡ. ಎಷ್ಟರಿಂದ ಗೆಲ್ಲುತ್ತೇವೆ ಅನ್ನೋದಷ್ಟೇ ನಮ್ಮ ಚರ್ಚೆ. ಹಾಫ್ ಟೈಮಿಗೆ 10-10. ಮಿರ್ಚಿ ತಟ್ಟೆ ಖಾಲಿಯಾಯಿತು, ಮತ್ತೆ ತುಂಬಿಸೋಕೆ ಯಾರೂ ಎದ್ದು ಹೋಗಲಿಲ್ಲ. ಆಮೇಲೆ ನಮ್ಮವರು ಒಂದು ಪಾಯಿಂಟೂ ಮಾಡಲಿಲ್ಲ. 45 ಸೆಕೆಂಡ್ ಇರುವಾಗ ಮಿಷಿಗನ್ ಹತ್ತಿರದಿಂದ ಒಂದು ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತೆಗೆದುಕೊಂಡಿತು. 13-10. ಸತತ ನಾಲ್ಕನೇ ವರ್ಷ ಅವರ ಕೈಲಿ ಸೋಲು. ಮುಗಿದ ಮೇಲೆ ಮೈದಾನದ ನಡುವೆ ಅವರು ಬಾವುಟ ನೆಡೋಕೆ ಹೋಗಿ ತಳ್ಳಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಬೇಸ್‌ಮೆಂಟಿನಲ್ಲಿ ಯಾರೋ ಟಿವಿ ಮ್ಯೂಟ್ ಮಾಡಿದರು.

ನಾನು ಸ್ಕೋರು ತುಂಬಿಸಿ ಬಟನ್ ಒತ್ತಿದೆ. ಸಂಖ್ಯೆಗಳು ಅಲುಗಾಡಿ ನಿಂತವು. ಮೊದಲ ಸ್ಥಾನ: ಓಹಾಯೋ ಸ್ಟೇಟ್.

ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. "ನಾವು ಇನ್ನೂ ಫಸ್ಟೇ" ಅಂದುಬಿಟ್ಟೆ.

ಹುಬ್ಬಳ್ಳಿಯವನು ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. "ಲೇ ತಮ್ಮಾ, ಮನ್ಯಾಗ ಹೆಣಾ ಬಿದ್ದೈತಿ, ನೀ ಮದವಿ ಕಾರ್ಡ್ ಹಂಚಾಕ್ಹತ್ತಿಯಲ್ಲೋ. ನಿನ್ನ ಶೀಟ್‌ಗೆ ತಲಿ ಕೆಟ್ಟೈತಿ" ಅಂದ. ಎಲ್ಲರೂ ನಕ್ಕರು. ಆ ಮಧ್ಯಾಹ್ನ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ನಾನು ಸುಮ್ಮನಿರುವವನಲ್ಲ, ಲೆಕ್ಕ ಬಿಡಿಸಿ ತೋರಿಸಿದೆ. ಸೋತದ್ದು ಮೂರರಿಂದ, ಸ್ವಂತ ಊರು ಅಂತ ಇನ್ನೊಂದು ಎರಡೂವರೆ ಹೋಯಿತು, ಮೈನಸ್ ಐದೂವರೆ. ಎದುರಾಳಿ ಮಿಷಿಗನ್‌ನ ರೇಟಿಂಗ್ ಎಂಟು, ಅದನ್ನು ಕೂಡಿಸಿದರೆ ಈ ಮ್ಯಾಚಿನ ಬೆಲೆ ಎರಡೂವರೆ. ಹಿಂದಿನ 11 ಮ್ಯಾಚಿನ ಸರಾಸರಿ 23 ಇತ್ತು. ಹನ್ನೆರಡನೆಯದಾಗಿ ಈ ಎರಡೂವರೆ ಸೇರಿದರೆ 21.3. ಎರಡನೇ ಸ್ಥಾನದವರು ಅದಕ್ಕಿಂತ ಕೆಳಗಿದ್ದಾರೆ. ಕತೆ ಮುಗೀತು. ಶೀಟ್‌ಗೆ ಇದು ಹನ್ನೆರಡರಲ್ಲಿ ಒಂದು ಮ್ಯಾಚು, ಅಷ್ಟೆ. ಊರಿಗೆ ಹಾಗಲ್ಲ ಅನ್ನೋದು ಶೀಟ್‌ಗೆ ಗೊತ್ತಿಲ್ಲ, ಗೊತ್ತಾಗೋಕೆ ನಾನು ಅದಕ್ಕೊಂದು ಕಾಲಂ ಕೊಟ್ಟಿಲ್ಲ.

ಯಾರೂ ಒಪ್ಪಲಿಲ್ಲ ಅನ್ನಿ.

ಮಧ್ಯಾಹ್ನ ಕಳೆದು ಇನ್ನೊಂದು ಮ್ಯಾಚ್ ಹಾಕಿದರು, ಸಿರಾಕ್ಯೂಸ್ ಮತ್ತು ಮಯಾಮಿ. ಮಯಾಮಿ ಆ ವರ್ಷ ಹತ್ತು ಗೆದ್ದು ಒಂದೇ ಸೋತ ತಂಡ. 21-0 ಮುಂದಿದ್ದವರು 42-38ಕ್ಕೆ ಸೋತರು. ನಮ್ಮ ದುಃಖಕ್ಕೆ ಸ್ವಲ್ಪ ಸಮಾಧಾನವಾಯಿತು, ಇನ್ನೊಬ್ಬರ ಮನೆ ಹಂಚೂ ಹಾರಿತಲ್ಲ ಅಂತ. ನಾನು ಸ್ಕೋರು ಒತ್ತುತ್ತಿದ್ದೆ. ಗೆಳೆಯನ ಮಗಳು, ಆರನೇ ಕ್ಲಾಸು, ಸೋಫಾದ ಹಿಂದಿನಿಂದ ಬಗ್ಗಿ ನೋಡುತ್ತಿದ್ದವಳು ಕೇಳಿದಳು.

"ಅಂಕಲ್, ಮಯಾಮಿ ಯಾಕೆ 18-6? ಎಲ್ಲಾರೂ ಹನ್ನೆರಡು ಅಲ್ವಾ ಆಡೋದು?"

ನೋಡಿದೆ. ಹದಿನೆಂಟು ಗೆಲುವು, ಆರು ಸೋಲು. ಇಪ್ಪತ್ನಾಲ್ಕು ಮ್ಯಾಚು. ಹೊಟ್ಟೆಯೊಳಗಿನ ಗಿರ್ಮಿಟ್ ಒಂದು ಸಲ ಮಗುಚಿಕೊಂಡಿತು.

ಮಯಾಮಿ ಅಂತ ಎರಡಿವೆ. ಒಂದು ಎಲ್ಲರಿಗೂ ಗೊತ್ತಿರುವ ಫ್ಲಾರಿಡಾದ್ದು. ಇನ್ನೊಂದು ನಮ್ಮ ಓಹಾಯೋದ್ದೇ, ಆಕ್ಸ್‌ಫರ್ಡ್ ಅನ್ನುವ ಸಣ್ಣ ಊರಿನಲ್ಲಿ, ನಾನಿರುವ ಕಡೆಯಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ನಿಜ ಹೇಳಬೇಕಂದ್ರೆ ಹಿರಿಯರು ಇವರೇ, 1809ರ ವಿಶ್ವವಿದ್ಯಾಲಯ, ಆಗ ಫ್ಲಾರಿಡಾ ಇನ್ನೂ ಸ್ಪೇನಿನವರ ಕೈಲಿತ್ತು. ಸ್ಕೋರು ಸಿಗುವ ಕಡೆ ಇಬ್ಬರ ಹೆಸರಿನ ಮುಂದೆಯೂ ಬ್ರಾಕೆಟ್ಟಿನಲ್ಲಿ ರಾಜ್ಯ ಹಾಕಿರುತ್ತಾರೆ. ನಾನು ಆಗಸ್ಟಿನಲ್ಲಿ, ಹೆಸರುಗಳು ಗಲೀಜಾಗಿ ಕಾಣುತ್ತವೆ ಅಂತ, ಬ್ರಾಕೆಟ್ ಇರುವುದನ್ನೆಲ್ಲ ಉಜ್ಜಿ ಹಾಕುವ ಒಂದು ಫಾರ್ಮುಲಾ ಬರೆದಿದ್ದೆ. ನೀಟಾಗಿ ಕಾಣಲಿ ಅಂತ. ಫ್ಲಾರಿಡಾದವರ 10-2, ಓಹಾಯೋದವರ 8-4, ಎರಡೂ ಸೇರಿ ಒಂದೇ ತಂಡವಾಗಿ ಮೂರು ತಿಂಗಳು ಸಂಸಾರ ಮಾಡಿವೆ. ಸರಾಸರಿಯ ಲೆಕ್ಕವಾದ್ದರಿಂದ ಗುಟ್ಟು ಹೊರಗೆ ಬರಲೇ ಇಲ್ಲ. ಮಯಾಮಿ 36ನೇ ಸ್ಥಾನದಲ್ಲಿತ್ತು. ಇಷ್ಟು ಗೆದ್ದವರು ಇಷ್ಟು ಕೆಳಗೆ ಯಾಕೆ ಅಂತ ನಾನು ಕೇಳಿಕೊಳ್ಳಲಿಲ್ಲ. ಬದಲಿಗೆ ಅಕ್ಟೋಬರಿನಲ್ಲಿ ಆಫೀಸಿನಲ್ಲಿ ಒಬ್ಬನಿಗೆ, ಮಯಾಮಿಯ ಗೆಲುವೆಲ್ಲ ಪೊಳ್ಳು, ಪತ್ರಕರ್ತರಿಗೆ ಕಾಣದ್ದು ನನ್ನ ಶೀಟ್‌ಗೆ ಕಾಣಿಸುತ್ತೆ ಅಂತ ಅರ್ಧ ಗಂಟೆ ಭಾಷಣ ಬೇರೆ ಮಾಡಿದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತೆ.

ಇಂಥ ಎಡವಟ್ಟು ದೊಡ್ಡವರಿಗೂ ಆಗಿದೆ ಅಂತ ಆಮೇಲೆ ಸಮಾಧಾನ ಮಾಡಿಕೊಂಡೆ. 2010ರಲ್ಲಿ ಬಿಸಿಎಸ್‌ನ ಆರು ಕಂಪ್ಯೂಟರ್ ರೇಟಿಂಗ್‌ಗಳಲ್ಲಿ ಒಂದಾದ ವೆಸ್ ಕಾಲಿಯವರ ಲೆಕ್ಕದಲ್ಲಿ ಒಂದು ಮ್ಯಾಚ್ ಬಿಟ್ಟುಹೋಗಿತ್ತು. ಅದೂ ಕೆಳದರ್ಜೆಯ ಪ್ಲೇಆಫ್ ಮ್ಯಾಚು, ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ನಡುವಿನದ್ದು. ಅದಕ್ಕೂ ಮೇಲಿನವರಿಗೂ ಏನು ಸಂಬಂಧ ಅನ್ನಬಹುದು. ಆದರೆ ಅದನ್ನು ಸೇರಿಸಿದಾಗ ಕೊನೆಯ ಪಟ್ಟಿಯಲ್ಲಿ 10 ಮತ್ತು 11ನೇ ಸ್ಥಾನದ ಎಲ್‌ಎಸ್‌ಯು, ಬಾಯ್ಸಿ ಸ್ಟೇಟ್ ಅದಲುಬದಲಾದವು. ಕಾಲಿ ತಮ್ಮ ಲೆಕ್ಕವನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಜೆರ್ರಿ ಪಾಮ್ ಅನ್ನುವವರು ಅದನ್ನು ಹಿಡಿದರು. ನನ್ನದನ್ನು ಹಿಡಿಯೋಕೆ ಆರನೇ ಕ್ಲಾಸಿನವಳು ಸಾಕಾಯಿತು.

ಅಲ್ಲೇ ಕೂತು ಸರಿ ಮಾಡಿದೆ. ಈಗ ಹತ್ತು ಹನ್ನೆರಡು ಜನ ನನ್ನ ಬೆನ್ನ ಹಿಂದೆ. ತಪ್ಪು ಸಿಕ್ಕಿತಲ್ಲ, ಇನ್ನು ಓಹಾಯೋ ಸ್ಟೇಟ್ ಕೆಳಗೆ ಬೀಳುತ್ತೆ ಅಂತ ಎಲ್ಲರ ನಿರೀಕ್ಷೆ. ಬಟನ್ ಒತ್ತಿದೆ. ಫ್ಲಾರಿಡಾದ ಮಯಾಮಿ 36ರಿಂದ 13ಕ್ಕೆ ಹಾರಿತು. ವರ್ಷವಿಡೀ ಗೆಲ್ಲುವಾಗ ಕೆಳಗಿದ್ದವರು ಸೋತ ದಿನ ಮೇಲೆ ಬಂದರು. ಓಹಾಯೋದ ಮಯಾಮಿ ಎಪ್ಪತ್ತರ ಆಚೆ ಹೋಯಿತು. ನೋಟರ್ ಡೇಮ್ ಸೆಪ್ಟೆಂಬರಿನಲ್ಲಿ ಈ ಸಣ್ಣ ಮಯಾಮಿಯ ಮೇಲೆ 28-3 ಗೆದ್ದಿತ್ತು, ಅದರ ರೇಟಿಂಗ್ ಅರ್ಧ ಪಾಯಿಂಟಿಗಿಂತ ಸ್ವಲ್ಪ ಜಾಸ್ತಿ ಇಳಿಯಿತು. ನಾರ್ತ್‌ವೆಸ್ಟರ್ನ್ ಕೂಡ ಇದೇ ಮಯಾಮಿಯನ್ನು 13-6ಕ್ಕೆ ಸೋಲಿಸಿತ್ತು, ಅದೂ ಇಳಿಯಿತು. ನಾರ್ತ್‌ವೆಸ್ಟರ್ನ್ ಮೇಲೆ ಓಹಾಯೋ ಸ್ಟೇಟ್ ಗೆದ್ದಿತ್ತಲ್ಲ, ಅಲ್ಲಿಂದ ಬಂದು ಬಂದು ನಮಗೆ ತಟ್ಟಿದ್ದು ಎರಡನೇ ದಶಮಾಂಶದಲ್ಲಿ. ಮೊದಲ ಸ್ಥಾನ ಕದಲಲಿಲ್ಲ.

"ಇನ್ನೂ ತಪ್ಪೈತಿ, ಹುಡುಕು" ಅಂದ ಗೆಳೆಯ.

ತಪ್ಪೇನೂ ಸಿಗಲಿಲ್ಲ. ಆದರೆ ಒಂದು ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಆ ಎರಡೂವರೆ ಇದೆಯಲ್ಲ, ಅದು ಮೊದಲು ಎರಡು ಇತ್ತು. ಅಕ್ಟೋಬರ್ 12ರಂದು ಆರೆಗನ್ ಊರಿನಲ್ಲಿ ಒಂದು ಪಾಯಿಂಟಿನಿಂದ ಸೋತ ರಾತ್ರಿ, ಪರ ಊರಿನಲ್ಲಿ ಆಡೋದು ನಿಜಕ್ಕೂ ಕಷ್ಟ ಅಂತ ನನಗೆ ಜ್ಞಾನೋದಯವಾಗಿ ಅದನ್ನು ಎರಡೂವರೆ ಮಾಡಿದ್ದೆ. ಅದಕ್ಕೆ ಕಾರಣಗಳನ್ನೂ ಹುಡುಕಿಕೊಂಡಿದ್ದೆ. ನಮ್ಮವರು ಗೆದ್ದಿದ್ದರೆ ಹುಡುಕುತ್ತಿದ್ದೆನಾ? ಅದೇ ಎರಡೂವರೆ ಈ ಶನಿವಾರ ಸ್ವಂತ ಊರಿನಲ್ಲಿ ಸೋತಾಗ ನಮ್ಮ ಕತ್ತಿಗೇ ಬಂತು. ರಾತ್ರಿ ಮನೆಗೆ ಬಂದು ಮತ್ತೆ ಎರಡು ಮಾಡೋಣ ಅಂತ ಆ ಸೆಲ್ಲಿನ ಮೇಲೆ ಕ್ಲಿಕ್ ಕೂಡ ಮಾಡಿದ್ದೆ. ನಾಚಿಕೆಯಾಗಿ ಲ್ಯಾಪ್‌ಟಾಪ್ ಮುಚ್ಚಿದೆ.

ಮಾರನೇ ದಿನ ಮೈಸೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದವರು. ಫುಟ್‌ಬಾಲ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಒಂದೇ ಹೆಸರಿನ ಎರಡು ಖಾತೆ ಇದ್ದರೆ ಅಪ್ಪನ ಹೆಸರು ಬರ್ಕೋಬೇಕು ಕಣೋ, ಅಷ್ಟೂ ಗೊತ್ತಾಗಲ್ವಾ" ಅಂದರು.

ಶೀಟ್ ಸರಿ ಇತ್ತು ಅಂತ ಹೇಳಿಕೊಳ್ಳೋಕೆ ನನಗೆ ಒಂದು ಅವಕಾಶ ಸಿಕ್ಕಿತು, ಬಿಡಲಿಲ್ಲ. ಸಮಿತಿಯವರು ಓಹಾಯೋ ಸ್ಟೇಟ್ ಅನ್ನು ಎಂಟನೇ ಸೀಡ್ ಆಗಿ ಒಳಗೆ ತೆಗೆದುಕೊಂಡರು. ಟೆನೆಸೀ ಮೇಲೆ 42-17, ಆರೆಗನ್ ಮೇಲೆ 41-21, ಟೆಕ್ಸಸ್ ಮೇಲೆ 28-14, ಜನವರಿ 20ರಂದು ಅಟ್ಲಾಂಟಾದ ಫೈನಲ್ಲಿನಲ್ಲಿ ನೋಟರ್ ಡೇಮ್ ಮೇಲೆ 34-23. ಚಾಂಪಿಯನ್ನರು. ಗೆಳೆಯನಿಗೆ ನವೆಂಬರ್ 30ರ ಪಟ್ಟಿಯ ಫೋಟೋ ಕಳಿಸಿದೆ. ಅವನು ವಾಪಸ್ ಅದೇ ಪಟ್ಟಿಯ ಐದನೇ ಸಾಲಿಗೆ ಗೋಲ ಹಾಕಿ ಕಳಿಸಿದ. ಅಲ್ಲಿದ್ದದ್ದು ಅಲಬಾಮಾ. ಸಮಿತಿ ಅವರನ್ನು ಹನ್ನೆರಡರೊಳಗೂ ಸೇರಿಸಿರಲಿಲ್ಲ, ಡಿಸೆಂಬರ್ 31ರಂದು ಬೇರೆ ಒಂದು ಬೌಲ್ ಮ್ಯಾಚಿನಲ್ಲಿ, ಅಂದರೆ ಸೀಸನ್ ಕೊನೆಯ ಒಂದು ವಿಶೇಷ ಪಂದ್ಯದಲ್ಲಿ, ಅವರು 19-13ಕ್ಕೆ ಸೋತರು. ಯಾರ ಕೈಲಿ ಅಂತೀರಿ? ಮಿಷಿಗನ್.

ಫೈನಲ್ ಮುಗಿದ ಮಾರನೇ ಬೆಳಗ್ಗೆ ಪಕ್ಕದ ಮನೆ ತಾತ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದರು. ಗೆದ್ದೆವಲ್ಲ ಅಂದೆ. ಹೂಂ, ಒಳ್ಳೇದಾಯ್ತು ಅಂದರು, ಅಷ್ಟೇನೂ ಉತ್ಸಾಹವಿಲ್ಲದೆ. ಅಂಚೆ ಡಬ್ಬಿಯ ಎಂ ಮೇಲೆ ಆ ಕೆಂಪು ಟೇಪು ಬಣ್ಣಗೆಟ್ಟು ಒಂದು ತುದಿ ಎದ್ದುಕೊಂಡು ಗಾಳಿಗೆ ಪಟಪಟ ಅನ್ನುತ್ತಿತ್ತು. ಇನ್ನೂ ತೆಗೆದಿಲ್ವಲ್ಲ ಅಂದೆ. ಅವರ ಮೇಲೆ ಗೆದ್ದ ದಿನ ತೆಗೀತೀನಿ ಅಂತ ಹೇಳಿ, ಹೆಬ್ಬೆರಳಿನಿಂದ ಆ ತುದಿಯನ್ನು ಒತ್ತಿ ಅಂಟಿಸಿ, ಮತ್ತೆ ಹಿಮ ಕೆರೆಯೋಕೆ ಶುರು ಮಾಡಿದರು.